ಹೆಸರಿಗಿಂತ ಮೊದಲು ಹೊತ್ತು: ವೈಟ್‌ಚಾಪೆಲ್ ಕೊಲೆಗಳನ್ನು ಬರೆಯಲು ಕೂತಾಗ

‘ಜ್ಯಾಕ್ ದ ರಿಪ್ಪರ್’ ಎಂಬ ಹೆಸರಿಗೆ ಅಂಟಿಕೊಂಡ ಲಂಡನ್ನಿನ ವೈಟ್‌ಚಾಪೆಲ್ ಕೊಲೆಗಳ ಬಗ್ಗೆ ಬರೆಯಲು ಕೂತವರು ಮೊದಲು ಬದಿಗಿಡಬೇಕಾದ ಪ್ರಶ್ನೆ ‘ಕೊಂದವನು ಯಾರು’ ಎಂಬುದೇ. 1888ರಿಂದ ಈವರೆಗೆ ನೂರಕ್ಕೂ ಹೆಚ್ಚು ಜನರ ಮೇಲೆ ಬೊಟ್ಟು ಮಾಡಲಾಗಿದೆ. ಒಂದೂ ರುಜುವಾತಾಗಿಲ್ಲ. ತಲೆಯಲ್ಲಿ ಒಂದು ಹೆಸರು ಕೂತುಬಿಟ್ಟರೆ ಓದಿದ್ದೆಲ್ಲ ಅದರ ಕಡೆಗೇ ವಾಲುತ್ತದೆ. ಹೊಂದದ ಸಾಕ್ಷಿ ‘ಕುಡಿದಿದ್ದಳು’, ‘ಗೊಂದಲಕ್ಕೆ ಬಿದ್ದಿದ್ದ’ ಎನ್ನುವ ಒಂದು ಮಾತಿಗೆ ತಳ್ಳಿಹೋಗುತ್ತದೆ. ಅದಕ್ಕೇ ಶಂಕಿತರ ಪಟ್ಟಿಯನ್ನು ಕಟ್ಟಿ ಪಕ್ಕಕ್ಕಿಟ್ಟು, ಯಾರು ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ಕೋಷ್ಟಕದಿಂದ ಕೆಲಸ ಶುರು ಮಾಡಿದೆವು. ಬರವಣಿಗೆಯ ಮುಕ್ಕಾಲು ಪಾಲು ದುಡಿಮೆ ಅದರಲ್ಲೇ ಕಳೆಯುತ್ತದೆ, ಕಳೆಯಬೇಕು ಕೂಡ.

ಆದರೆ ಕೋಷ್ಟಕಕ್ಕೆ ಕೈಹಾಕುವ ಮೊದಲು ಇನ್ನೊಂದು ತೀರ್ಮಾನ ಆಗಬೇಕು: ಯಾರ್‍ಯಾರ ಸಾವುಗಳು ಈ ಕತೆಗೆ ಸೇರುತ್ತವೆ? ಪೊಲೀಸರ ‘ವೈಟ್‌ಚಾಪೆಲ್ ಕೊಲೆಗಳು’ ಕಡತದಲ್ಲಿ ಹನ್ನೊಂದು ಪ್ರಕರಣಗಳಿವೆ. 1888ರ ಏಪ್ರಿಲ್ 3ರ ನಸುಕಿನಲ್ಲಿ ಓಸ್ಬರ್ನ್ ಸ್ಟ್ರೀಟ್‌ನಲ್ಲಿ ಹಲ್ಲೆಗೊಳಗಾಗಿ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡ ಎಮ್ಮಾ ಸ್ಮಿತ್‌ಳಿಂದ ಹಿಡಿದು 1891ರ ಫೆಬ್ರುವರಿ 13ರಂದು ಸತ್ತ ಫ್ರಾನ್ಸಿಸ್ ಕೋಲ್ಸ್‌ವರೆಗೆ. ಎಲ್ಲರೂ ಹೇಳುವ ‘ಐವರು’ ಎಂದರೆ ಮೇರಿ ಆ್ಯನ್ ನಿಕೋಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡ್ಡೋಸ್, ಮೇರಿ ಜೇನ್ ಕೆಲ್ಲಿ. ಈ ಐದರ ಲೆಕ್ಕ ಎರಡು ಕಾಗದಗಳ ಮೇಲೆ ನಿಂತಿದೆ. ಒಂದು, ವೈದ್ಯ ಥಾಮಸ್ ಬಾಂಡ್ 1888ರ ನವೆಂಬರ್ 10ರಂದು ಕೊಟ್ಟ ವರದಿ. ಇನ್ನೊಂದು, ಮೆಲ್ವಿಲ್ ಮ್ಯಾಕ್‌ನಾಟನ್ ಎಂಬ ಪೊಲೀಸ್ ಅಧಿಕಾರಿ 1894ರ ಫೆಬ್ರುವರಿ 23ರ ತಾರೀಖು ಹಾಕಿ ಬರೆದಿಟ್ಟ ಟಿಪ್ಪಣಿ. ಬಾಂಡ್ ತಾವೇ ಕಣ್ಣಾರೆ ಪರೀಕ್ಷಿಸಿದ್ದು ಕೆಲ್ಲಿಯ ದೇಹವನ್ನು. ಉಳಿದ ನಾಲ್ವರ ಬಗ್ಗೆ ಬರೆದದ್ದು ಬೇರೆಯವರ ಟಿಪ್ಪಣಿಗಳನ್ನು ಓದಿ. ಮ್ಯಾಕ್‌ನಾಟನ್ ಇಲಾಖೆಗೆ ಸೇರಿದ್ದೇ 1889ರಲ್ಲಿ.

ಆದ್ದರಿಂದ ‘ಐವರು’ ಎಂದು ಬರೆಯುವಾಗ ಅದು ಯಾರ ಎಣಿಕೆ ಎಂದೂ ಬರೆಯಬೇಕು. ಆಗಸ್ಟ್ 7ರಂದು ಜಾರ್ಜ್ ಯಾರ್ಡ್ ಕಟ್ಟಡದ ಮೆಟ್ಟಿಲ ಅಂಕಣದಲ್ಲಿ ಮಾರ್ಥಾ ಟೇಬ್ರಮ್ ಸತ್ತು ಬಿದ್ದಿದ್ದಳು, ಮೈಮೇಲೆ 39 ಇರಿತ. ಅವಳನ್ನು ಪಟ್ಟಿಗೆ ಸೇರಿಸಿದರೆ ಕೊಲೆಗಾರನ ‘ಪದ್ಧತಿ’ಯೇ ಬದಲಾಗುತ್ತದೆ, ಏಕೆಂದರೆ ಆಮೇಲಿನ ಕೊಲೆಗಳಲ್ಲಿ ಕತ್ತು ಕುಯ್ದಿದೆ, ಇವಳಿಗೆ ಇರಿದಿದೆ. ಸ್ಟ್ರೈಡ್‌ಳನ್ನು ಕೈಬಿಟ್ಟರೆ ಸೆಪ್ಟೆಂಬರ್ 30ರ ಜೋಡಿ ಕೊಲೆಯ ರಾತ್ರಿ (ಎಡ್ಡೋಸ್ ಸತ್ತದ್ದೂ ಅಂದೇ) ಒಂಟಿ ಕೊಲೆಯದಾಗುತ್ತದೆ. ಅವಳ ಕತ್ತು ಕುಯ್ದಿತ್ತು, ಹೊಟ್ಟೆಗೆ ಗಾಯವಿರಲಿಲ್ಲ. ಯಾರೋ ಬಂದು ಅಡ್ಡಿಯಾಯಿತು ಎನ್ನುವವರಿದ್ದಾರೆ, ಕೊಂದವನೇ ಬೇರೆ ಎನ್ನುವವರೂ ಇದ್ದಾರೆ. ಪಟ್ಟಿಯಲ್ಲಿ ಯಾರಿರಬೇಕು ಎಂಬುದನ್ನು ನಾವು ಕೊನೆಯವರೆಗೂ ತೆರೆದೇ ಇಟ್ಟೆವು. ಪ್ರತಿ ಸಾವಿಗೂ ಒಂದೊಂದು ಹಾಳೆ, ಹಾಳೆಗೆ ಹಾಳೆ ಹೊಲಿಯುವ ಕೆಲಸ ಆಮೇಲೆ.

ಹಾಳೆಯಲ್ಲಿ ಆರು ಅಂಕಣ ಸಾಕು. ಸಾಕ್ಷಿ ಹೇಳಿದ ಸಮಯ; ಆ ಸಮಯ ಅವರಿಗೆ ಗೊತ್ತಾದದ್ದು ಹೇಗೆ; ಎಲ್ಲಿ ನಿಂತಿದ್ದರು; ಏನು ಕಂಡರು ಅಥವಾ ಕೇಳಿದರು; ಅದನ್ನು ಬರೆದುಕೊಂಡವರು ಯಾರು; ಯಾವ ದಿನ. ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಎರಡನೆಯ ಅಂಕಣ. ಆ ಬೀದಿಗಳ ಜನರಲ್ಲಿ ಕೈಗಡಿಯಾರವಿರಲಿಲ್ಲ; ಜೇಬುಗಡಿಯಾರ ಇದ್ದವರೂ ಕಡಿಮೆ. ಚರ್ಚಿನ ಗಂಟೆ, ಬ್ರೂವರಿಯ ಗಡಿಯಾರ, ಅಂಗಡಿಯ ಕಿಟಕಿಯೊಳಗಿನ ಗಡಿಯಾರ, ಕೆಲಸಕ್ಕೆ ಹೊರಡುವ ರೂಢಿಯ ಹೊತ್ತು, ಇವೇ ಅವರಿಗೆ ಸಮಯ. ಸ್ಟ್ರೈಡ್‌ಳ ದೇಹ ಕಂಡ ಲೂಯಿ ಡೀಮ್‌ಶುಟ್ಜ್ ‘ಸರಿಯಾಗಿ 1 ಗಂಟೆ’ ಎಂದದ್ದು ಅಂಗಡಿಯೊಂದರ ಗಡಿಯಾರ ನೋಡಿ. ಅಲ್ಲಿಗೆ ಬಂದ ವೈದ್ಯ ಬ್ಲ್ಯಾಕ್‌ವೆಲ್ 1:16 ಎಂದದ್ದು ತಮ್ಮ ಗಡಿಯಾರ ನೋಡಿ. ಎರಡು ಗಡಿಯಾರಗಳ ನಡುವೆ ಐದು ನಿಮಿಷ ಹೆಚ್ಚುಕಡಿಮೆ ಇದ್ದರೆ ಆಶ್ಚರ್ಯವೇನಿಲ್ಲ. ಕೋಷ್ಟಕದ ಯಾವ ಸಮಯವನ್ನೂ ಐದು ನಿಮಿಷಕ್ಕಿಂತ ಹರಿತವಾಗಿ ನಂಬಬಾರದು ಎಂದು ಮೊದಲ ದಿನವೇ ನಿಯಮ ಮಾಡಿಕೊಂಡೆವು. ಒಂದೆರಡು ನಿಮಿಷದ ಅಂತರದ ಮೇಲೆ ಇಡೀ ವಾದ ಕಟ್ಟಿದ ಬರಹ ಕಂಡರೆ ಆ ನಿಮಿಷ ಯಾವ ಗಡಿಯಾರದ್ದು ಎಂದು ಹುಡುಕಿ. ಹೆಚ್ಚಿನ ಸಲ ಅಲ್ಲಿ ಗಡಿಯಾರವೇ ಇರುವುದಿಲ್ಲ.

ಇನ್ನು ಮೂಲಗಳು. ಮೆಟ್ರೋಪಾಲಿಟನ್ ಪೊಲೀಸರ ಕಡತಗಳಲ್ಲಿ ಉಳಿದವು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಅಲ್ಲಿನ ಕಡತ ಸಂಖ್ಯೆ ಹೇಳುವುದಾದರೆ, ಎಂಇಪಿಒ 3/140ರಲ್ಲಿ ಕೊಲೆಯಾದವರ ಹೆಸರಿನ ಕಡತಗಳು, ಎಂಇಪಿಒ 3/142ರಲ್ಲಿ ಪತ್ರಗಳು, ಎಚ್‌ಒ 144/221ರಲ್ಲಿ ಗೃಹ ಇಲಾಖೆಯ ಕಾಗದಗಳು. ಎಡ್ಡೋಸ್ ಸತ್ತ ಮೈಟರ್ ಸ್ಕ್ವೇರ್ ಮಾತ್ರ ಸಿಟಿ ಆಫ್ ಲಂಡನ್ ಪೊಲೀಸರ ಸರಹದ್ದು. ಅದು ಬೇರೆಯೇ ಪಡೆ, ಅದರ ಕಾಗದಗಳೂ ಬೇರೆ, ಮತ್ತು ಅವುಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧದ ಬಾಂಬ್ ದಾಳಿಗೆ ಹೋದವು. ಅನುಮಾನಾಸ್ಪದ ಸಾವುಗಳನ್ನು ವಿಚಾರಿಸುವ ಅಧಿಕಾರಿಯಾದ ಕೊರೋನರ್ ನಡೆಸಿದ ವಿಚಾರಣೆಯ ಮೂಲ ಹೇಳಿಕೆಗಳು ಐವರಲ್ಲಿ ಎಡ್ಡೋಸ್ ಮತ್ತು ಕೆಲ್ಲಿಗೆ ಸಂಬಂಧಪಟ್ಟವು ಮಾತ್ರ ಉಳಿದಿವೆ. ನಿಕೋಲ್ಸ್, ಚಾಪ್‌ಮನ್, ಸ್ಟ್ರೈಡ್ ವಿಚಾರಣೆಗಳನ್ನು ನಡೆಸಿದವರು ವಿನ್ ಬ್ಯಾಕ್ಸ್‌ಟರ್. ಆ ಮೂರಕ್ಕೂ ನಮಗೆ ಗತಿ ಪತ್ರಿಕೆಗಳೇ.

ಪತ್ರಿಕೆ ಓದುವುದಕ್ಕೂ ಒಂದು ಕ್ರಮ ಬೇಕು. ಒಬ್ಬ ಸಾಕ್ಷಿಯ ಮಾತನ್ನು ಒಂದೇ ಪತ್ರಿಕೆಯಿಂದ ಎತ್ತಬಾರದು. ‘ದಿ ಟೈಮ್ಸ್’, ‘ಡೈಲಿ ಟೆಲಿಗ್ರಾಫ್’ ಮತ್ತು ಒಂದು ಸ್ಥಳೀಯ ಪತ್ರಿಕೆ, ಉದಾಹರಣೆಗೆ ‘ಈಸ್ಟ್ ಲಂಡನ್ ಅಬ್ಸರ್ವರ್’, ಮೂರನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಟೆಲಿಗ್ರಾಫ್ ಬಹಳ ಕಡೆ ಪ್ರಶ್ನೋತ್ತರವನ್ನೇ ಕೊಡುತ್ತದೆ. ಪ್ರಶ್ನೆ ಏನಿತ್ತು ಎಂದು ತಿಳಿಯದೆ ಉತ್ತರದ ತೂಕ ಸಿಗುವುದಿಲ್ಲ. ವಿಚಾರಣೆಗೆ ಮುಂಚೆ ವರದಿಗಾರರಿಗೆ ಬೀದಿಯಲ್ಲಿ ಹೇಳಿದ ಮಾತು ಬೇರೆ, ಪ್ರಮಾಣ ಮಾಡಿ ಹೇಳಿದ್ದು ಬೇರೆ; ಎರಡಕ್ಕೂ ಬೇರೆ ಬಣ್ಣದ ಶಾಯಿ ಬಳಸಿದೆವು. ಹೆಸರುಗಳೂ ಕಾಟ ಕೊಡುತ್ತವೆ. ಚಾಪ್‌ಮನ್ ಪ್ರಕರಣದ ಎಲಿಜಬೆತ್ ಲಾಂಗ್ ಕೆಲವು ಕಡೆ ‘ಡರೆಲ್’ ಆಗಿದ್ದಾಳೆ. ಎರಡು ಸಾಲು ಬರೆದುಬಿಟ್ಟರೆ ಒಬ್ಬ ಸಾಕ್ಷಿ ಇಬ್ಬರಾಗುತ್ತಾಳೆ, ಒಂದು ಹೇಳಿಕೆಗೆ ಇನ್ನೊಂದು ‘ಬೆಂಬಲ’ ಸಿಕ್ಕಿಬಿಡುತ್ತದೆ. ನಿಕೋಲ್ಸ್‌ಳ ದೇಹವನ್ನು ಮೊದಲು ಕಂಡ ಗಾಡಿ ಆಳು ವಿಚಾರಣೆಯಲ್ಲಿ ಚಾರ್ಲ್ಸ್ ಕ್ರಾಸ್. ಉಳಿದ ದಾಖಲೆಗಳಲ್ಲಿ ಲೆಕ್‌ಮಿಯರ್. ಕ್ರಾಸ್ ಎನ್ನುವುದು ಅವನ ಮಲತಂದೆಯ ಹೆಸರು. ಅದೊಂದನ್ನೇ ಹಿಡಿದು ಅವನನ್ನು ಕೊಲೆಗಾರ ಎನ್ನುವುದು ಅವಸರ. ಮನೆ ವಿಳಾಸ, ಕೆಲಸದ ಜಾಗ ಎರಡನ್ನೂ ಅವನು ಸರಿಯಾಗಿಯೇ ಕೊಟ್ಟಿದ್ದ.

ಈ ವಿಧಾನಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಹ್ಯಾನ್‌ಬರಿ ಸ್ಟ್ರೀಟ್‌ನ 29ನೇ ನಂಬರಿನ ಹಿತ್ತಿಲಲ್ಲಿ. ಸೆಪ್ಟೆಂಬರ್ 8, ಶನಿವಾರ. ನಸುಕಿನ 1:50ರ ಸುಮಾರಿಗೆ ಆ್ಯನಿ ಚಾಪ್‌ಮನ್ ಡಾರ್ಸೆಟ್ ಸ್ಟ್ರೀಟ್‌ನ ವಸತಿಗೃಹದಿಂದ ಹಾಸಿಗೆಗೆ ಕೊಡಲು ದುಡ್ಡಿಲ್ಲದೆ ಹೊರಬಿದ್ದಳು. 6 ಗಂಟೆಗೆ ಸ್ವಲ್ಪ ಮುಂಚೆ ಅದೇ ಮನೆಯ ಬಾಡಿಗೆದಾರ ಜಾನ್ ಡೇವಿಸ್ ಹಿತ್ತಿಲ ಬಾಗಿಲು ತೆಗೆದು ದೇಹ ಕಂಡ. ನಡುವಿನ ನಾಲ್ಕು ಗಂಟೆಗಳಲ್ಲಿ ಸಾವು ಎಲ್ಲಿ ಕೂರುತ್ತದೆ?

ಪೊಲೀಸ್ ವೈದ್ಯ ಜಾರ್ಜ್ ಬ್ಯಾಗ್‌ಸ್ಟರ್ ಫಿಲಿಪ್ಸ್ 6:30ಕ್ಕೆ ಬಂದು ನೋಡಿ, ಸತ್ತು ಕನಿಷ್ಠ ಎರಡು ಗಂಟೆ, ಬಹುಶಃ ಇನ್ನೂ ಹೆಚ್ಚು ಆಗಿದೆ ಎಂದರು. ಅಂದರೆ 4:30 ಅಥವಾ ಅದಕ್ಕೂ ಮೊದಲು. ಈ ಒಂದು ವಾಕ್ಯವನ್ನು ಮಾತ್ರ ಎತ್ತಿಕೊಂಡ ಬರಹಗಳು ಬೇಕಾದಷ್ಟಿವೆ. ಅದರ ಬೆನ್ನಿಗೇ ವೈದ್ಯರು ಇನ್ನೊಂದು ಮಾತು ಸೇರಿಸಿದ್ದರು: ಬೆಳಿಗ್ಗೆ ತಣ್ಣಗಿತ್ತು, ದೇಹದ ಬಹುಪಾಲು ರಕ್ತ ಹೋಗಿತ್ತು, ಹಾಗಾಗಿ ಬೇಗ ತಣ್ಣಗಾಗಿರಬಹುದು. ಅವರು ಉಷ್ಣಮಾಪಕ ಇಟ್ಟು ಅಳೆದಿರಲಿಲ್ಲ, ಕೈಯಿಂದ ಮುಟ್ಟಿ ಹೇಳಿದ್ದು. ಅಂಗಾಂಗಗಳ ಬಿಗಿತ ಆಗಷ್ಟೇ ಶುರುವಾಗಿತ್ತು ಎಂದೂ ಹೇಳಿದ್ದರು. ಮುಟ್ಟಿ ನೋಡಿ ಸಾವಿನ ಹೊತ್ತು ಹೇಳುವುದು ಇವತ್ತಿನ ವಿಧಿವಿಜ್ಞಾನ ಒಪ್ಪುವ ಕ್ರಮವಲ್ಲ. ಅದರಲ್ಲೂ ಹೊಟ್ಟೆ ತೆರೆದ, ರಕ್ತ ಬಸಿದ, ಬಯಲಲ್ಲಿ ಬಿದ್ದ ದೇಹದ ಲೆಕ್ಕ ಸುಲಭವಾಗಿ ತಪ್ಪುತ್ತದೆ.

ಈಗ ಎದುರು ಸಾಲು. 4:45 ಮತ್ತು 4:50ರ ನಡುವೆ ಜಾನ್ ರಿಚರ್ಡ್‌ಸನ್ ಅದೇ ಹಿತ್ತಿಲಿಗೆ ಬಂದ. ಅವನ ತಾಯಿ ಆ ಮನೆಯಲ್ಲಿ ವಾಸವಿದ್ದಳು. ನೆಲಮಾಳಿಗೆಯ ಬೀಗ ಯಾರಾದರೂ ಒಡೆದಿದ್ದಾರೆಯೇ ಎಂದು ನೋಡುವುದು ಸಂತೆಯ ದಿನಗಳಲ್ಲಿ ಅವನ ರೂಢಿ. ಬೂಟು ಕಾಲಿಗೆ ಒತ್ತುತ್ತಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಊಟದ ಮೇಜಿನ ಚಾಕುವಿನಿಂದ ಬೂಟಿನ ತೊಗಲಿನ ತುಂಡೊಂದನ್ನು ಕತ್ತರಿಸಿದೆ, ಆಗಲೇ ಬೆಳಕು ಹರಿಯುತ್ತಿತ್ತು, ಹಿತ್ತಿಲೆಲ್ಲ ಕಾಣುತ್ತಿತ್ತು, ಅಲ್ಲಿ ಏನೂ ಇರಲಿಲ್ಲ ಎಂದ. ದೇಹ ಬಿದ್ದಿದ್ದು ಆ ಮೆಟ್ಟಿಲ ಪಕ್ಕದಲ್ಲೇ, ಬೇಲಿಯ ಕಡೆಗೆ.

ಇಲ್ಲಿಗೆ ವೈದ್ಯರ ಮಾತು ಬಿತ್ತು ಎಂದು ಬರೆದುಬಿಡಲು ಕೈ ತುರಿಸುತ್ತದೆ. ತಡೆಯಬೇಕು. ಇನ್‌ಸ್ಪೆಕ್ಟರ್ ಚಾಂಡ್ಲರ್ ಅದೇ ಬೆಳಿಗ್ಗೆ ರಿಚರ್ಡ್‌ಸನ್‌ನನ್ನು ಮಾತಾಡಿಸಿದ್ದರು. ಬಾಗಿಲಿಗೆ ಬಂದು ನೋಡಿದೆ ಎಂದನೇ ಹೊರತು ಬೂಟು ಕತ್ತರಿಸಿದ ಮಾತನ್ನು ಆಗ ಎತ್ತಲಿಲ್ಲ ಎಂದು ಚಾಂಡ್ಲರ್ ವಿಚಾರಣೆಯಲ್ಲಿ ಹೇಳಿದರು. ಚಾಕು ತರಲು ಕೊರೋನರ್ ಕಳಿಸಿದರೆ ಅವನು ತಂದದ್ದು ಮೊಂಡು ಚಾಕು. ಅದು ಹರಿತ ಸಾಲದೆ ಮಾರುಕಟ್ಟೆಯಲ್ಲಿ ಇನ್ನೊಂದು ಚಾಕು ಎರವಲು ಪಡೆದೆ ಎಂದ. ಬಾಗಿಲು ಹೊರಕ್ಕೆ ತೆರೆದರೆ ದೇಹ ಬಿದ್ದ ಜಾಗಕ್ಕೇ ಮರೆಯಾಗುತ್ತದೆ. ಹಾಗಾಗಿ ಬಾಗಿಲಲ್ಲಿ ನಿಂತು ಇಣುಕಿದವನ ಸಾಕ್ಷಿಗೂ ಮೆಟ್ಟಿಲ ಮೇಲೆ ಕೂತವನ ಸಾಕ್ಷಿಗೂ ಅಜಗಜಾಂತರ. ಕೂತಿದ್ದೇ ನಿಜವಾದರೆ ಮಾರುದ್ದದೊಳಗೆ ಬಿದ್ದ ದೇಹ ಕಾಣದೆ ಇರಲಾರದು. ನಮ್ಮ ಹಾಳೆಯಲ್ಲಿ ರಿಚರ್ಡ್‌ಸನ್‌ಗೆ ಎರಡು ಸಾಲುಗಳಿವೆ: ಚಾಂಡ್ಲರ್‌ಗೆ ಹೇಳಿದ್ದು ಒಂದು, ಕೊರೋನರ್‌ಗೆ ಹೇಳಿದ್ದು ಇನ್ನೊಂದು.

ಮುಂದೆ ಪಕ್ಕದ 27ನೇ ನಂಬರಿನ ಆಲ್ಬರ್ಟ್ ಕ್ಯಾಡೋಶ್. 5:20ರ ಸುಮಾರಿಗೆ ತನ್ನ ಹಿತ್ತಿಲಿಗೆ ಬಂದಾಗ ಬೇಲಿಯಾಚೆ ‘ಇಲ್ಲ’ ಎಂಬಂಥ ದನಿ ಕೇಳಿಸಿತು, ಮೂರು ನಾಲ್ಕು ನಿಮಿಷದ ಮೇಲೆ ಏನೋ ಬೇಲಿಗೆ ಬಡಿದ ಸದ್ದು. ಕೆಲಸಕ್ಕೆ ಹೊರಟು ಸ್ಪಿಟಲ್‌ಫೀಲ್ಡ್ಸ್ ಚರ್ಚ್ ದಾಟುವಾಗ ಅಲ್ಲಿನ ಗಡಿಯಾರದಲ್ಲಿ 5:32. ಎಲಿಜಬೆತ್ ಲಾಂಗ್ ಮಾತ್ರ 29ನೇ ನಂಬರಿನ ಹತ್ತಿರ ಒಬ್ಬ ಗಂಡಸಿನ ಜೊತೆ ಚಾಪ್‌ಮನ್ ಮಾತಾಡುತ್ತ ನಿಂತಿದ್ದನ್ನು ಕಂಡೆ ಎನ್ನುತ್ತಾಳೆ. ಸಮಯ 5:30, ಬ್ರೂವರಿಯ ಗಡಿಯಾರ ಆಗಷ್ಟೇ ಬಾರಿಸಿತ್ತು.

ಹೇಳಿದ್ದನ್ನು ಹೇಳಿದ ಹಾಗೇ ಇಟ್ಟರೆ ಲಾಂಗ್ ಕಂಡ ಹೆಂಗಸು ಕ್ಯಾಡೋಶ್ ಸದ್ದು ಕೇಳಿದ ಮೇಲೂ ಬೀದಿಯಲ್ಲಿ ನಿಂತಿದ್ದಾಳೆ. ಬಿಡಿಸುವ ದಾರಿ ಮೂರು. ಲಾಂಗ್ ಕೇಳಿದ್ದು 5:15ರ ಗಂಟೆ ಇರಬಹುದು. ಕಾಲುಗಂಟೆಗೊಮ್ಮೆ ಬಾರಿಸುವ ಗಡಿಯಾರದಲ್ಲಿ ಈ ತಪ್ಪು ಸಹಜ. ಅಥವಾ ಅವಳು ಕಂಡದ್ದು ಬೇರೆ ಯಾರನ್ನೋ. ಅಥವಾ ಕ್ಯಾಡೋಶ್ ಕೇಳಿದ ಸದ್ದಿಗೂ ಕೊಲೆಗೂ ಸಂಬಂಧವಿಲ್ಲ. ಮೊದಲನೆಯದು ಅಚ್ಚುಕಟ್ಟಾಗಿ ಕೂರುತ್ತದೆ, ಅದಕ್ಕೇ ಅದರ ಬಗ್ಗೆ ಹುಷಾರಾಗಿರಬೇಕು. ಅವಳು ಹೇಳಿದ್ದನ್ನು ನಾವು ತಿದ್ದಿ, ತಿದ್ದಿದ್ದನ್ನೇ ಸಾಕ್ಷಿ ಎನ್ನುತ್ತಿದ್ದೇವೆ ಎಂಬುದು ಓದುಗರಿಗೆ ಗೊತ್ತಾಗಬೇಕು. ಅಂದು ಸೂರ್ಯೋದಯ 5:23ರ ಆಸುಪಾಸು. ಲಾಂಗ್‌ಳನ್ನು ನಂಬಿದರೆ ಕೊಲೆಗಾರ ಹಗಲು ಬೆಳಕಿನಲ್ಲಿ, ಕಿಟಕಿಗಳ ಕೆಳಗೆ ಕೆಲಸ ಮುಗಿಸಿ ಸಂತೆಗೆ ಹೊರಟ ಜನರ ನಡುವೆ ನಡೆದುಹೋದ. ಫಿಲಿಪ್ಸ್‌ರನ್ನು ನಂಬಿದರೆ ಕತ್ತಲಲ್ಲಿ. ಒಂದೇ ಹಿತ್ತಿಲಿನಿಂದ ಎರಡು ಬೇರೆ ಸ್ವಭಾವದ ಮನುಷ್ಯರು ಹೊರಬರುತ್ತಾರೆ.

ಬ್ಯಾಕ್ಸ್‌ಟರ್ ಸಾಕ್ಷಿಗಳ ಕಡೆ ವಾಲಿದರು. ಪ್ರಕರಣದ ಕಾಗದಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಚೀಫ್ ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್ ಅಕ್ಟೋಬರ್ 19ರ ವರದಿಯಲ್ಲಿ, ವೈದ್ಯರ ಲೆಕ್ಕ ಸರಿಯಿದ್ದರೆ ಲಾಂಗ್ ಸಾಕ್ಷಿಯನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ ಎಂದು ವಿಷಾದದಿಂದ ಬರೆದರು. ಅಂದಿನವರೇ ಒಪ್ಪಿಕೊಳ್ಳಲಾಗದ್ದನ್ನು ನಾವು ಒಂದು ವಾಕ್ಯದಲ್ಲಿ ಬಗೆಹರಿಸುವುದು ಸರಿಯಲ್ಲ. ನಮ್ಮ ಒಲವು ರಿಚರ್ಡ್‌ಸನ್, ಕ್ಯಾಡೋಶ್ ಕಡೆಗೆ. ಹಾಗೆಂದು ಬರೆದೆವು, ಏಕೆ ಎಂದೂ ಬರೆದೆವು.

ಮೈಟರ್ ಸ್ಕ್ವೇರ್‌ನ ಹಾಳೆ ಇದಕ್ಕೆ ಹೋಲಿಸಿದರೆ ಬಿಗಿ, ಏಕೆಂದರೆ ಅಲ್ಲಿನ ಗಡಿಯಾರ ಗಸ್ತು. ಕಾನ್‌ಸ್ಟೆಬಲ್ ಎಡ್ವರ್ಡ್ ವಾಟ್ಕಿನ್ಸ್‌ನ ಗಸ್ತಿನ ಒಂದು ಸುತ್ತು 12ರಿಂದ 14 ನಿಮಿಷ. 1:30ಕ್ಕೆ ಚೌಕ ಖಾಲಿ, 1:44ಕ್ಕೆ ಮೂಲೆಯಲ್ಲಿ ದೇಹ. 1:35ರ ಸುಮಾರಿಗೆ ಜೋಸೆಫ್ ಲಾವೆಂಡೆ ಮತ್ತು ಇನ್ನಿಬ್ಬರು ಕ್ಲಬ್ಬಿನಿಂದ ಹೊರಬಂದಾಗ ಚರ್ಚ್ ಪ್ಯಾಸೇಜ್ ಬಾಯಲ್ಲಿ ಒಂದು ಗಂಡು ಹೆಣ್ಣು ನಿಂತಿದ್ದರು. 1:41ರ ಹೊತ್ತಿಗೆ ಕಾನ್‌ಸ್ಟೆಬಲ್ ಹಾರ್ವೆ ಅದೇ ಪ್ಯಾಸೇಜಿನ ತುದಿಯವರೆಗೆ ಬಂದು ಹಿಂದಿರುಗಿದ, ಚೌಕದೊಳಗೆ ಕಾಲಿಡಲಿಲ್ಲ. ಲಾವೆಂಡೆ ಎಡ್ಡೋಸ್‌ಳ ಮುಖ ನೋಡಿರಲಿಲ್ಲ, ಬಟ್ಟೆ ನೋಡಿ ಗುರುತಿಸಿದ. ‘ಎಡ್ಡೋಸ್‌ಳನ್ನು ಕೊಲೆಗಾರನ ಜೊತೆ ಕಂಡ’ ಎಂದು ಬರೆದರೆ ತಪ್ಪು. ‘ಎಡ್ಡೋಸ್‌ಳದೆನ್ನಿಸಿದ ಉಡುಪಿನ ಹೆಂಗಸನ್ನು ಕಂಡ’ ಎನ್ನುವುದು ಸರಿ.

ದೂರ ಅಳೆಯಲು ಇಂದಿನ ನಕ್ಷೆ ನಂಬಬೇಡಿ. ನಿಕೋಲ್ಸ್ ಸತ್ತ ಬಕ್ಸ್ ರೋ ಇಂದು ಡರ್ವರ್ಡ್ ಸ್ಟ್ರೀಟ್, ಸ್ಟ್ರೈಡ್ ಸತ್ತ ಬರ್ನರ್ ಸ್ಟ್ರೀಟ್ ಇಂದು ಹೆನ್ರಿಕ್ಸ್ ಸ್ಟ್ರೀಟ್, ಡಾರ್ಸೆಟ್ ಸ್ಟ್ರೀಟ್ ಇಲ್ಲವೇ ಇಲ್ಲ, 29 ಹ್ಯಾನ್‌ಬರಿ ಸ್ಟ್ರೀಟ್ ಉರುಳಿ ಹೋಗಿದೆ. ಆ ಕಾಲದ ಆರ್ಡ್‌ನನ್ಸ್ ಸರ್ವೇ ನಕ್ಷೆಗಳಲ್ಲಿ 1:1056 ಅಳತೆಯವು ಸಿಗುತ್ತವೆ. ಒಂದು ಸೆಂಟಿಮೀಟರಿಗೆ ಹತ್ತೂವರೆ ಮೀಟರ್. ಸಾಮಾನ್ಯ ನಡಿಗೆಗೆ ನಿಮಿಷಕ್ಕೆ 80 ಮೀಟರ್ ಹಿಡಿದರೆ ಬರ್ನರ್ ಸ್ಟ್ರೀಟ್‌ನಿಂದ ಮೈಟರ್ ಸ್ಕ್ವೇರ್‌ಗೆ ಕಾಲು ಗಂಟೆ. 1 ಗಂಟೆಗೂ 1:35ಕ್ಕೂ ನಡುವೆ ಅದು ಸುಲಭವಾಗಿ ಹಿಡಿಸುತ್ತದೆ. ಹಿಡಿಸುತ್ತದೆ ಎಂದ ಮಾತ್ರಕ್ಕೆ ಹಾಗೆ ನಡೆಯಿತು ಎಂದಲ್ಲ. ಕೋಷ್ಟಕದಿಂದ ‘ಸಾಧ್ಯ’ ಸಿಗುತ್ತದೆ, ‘ಆಯಿತು’ ಸಿಗುವುದಿಲ್ಲ.

ಎಡ್ಡೋಸ್‌ಳ ಏಪ್ರನ್ನಿನ ತುಂಡು ಸಿಕ್ಕಿದ್ದು ಗೋಲ್‌ಸ್ಟನ್ ಸ್ಟ್ರೀಟ್‌ನಲ್ಲಿ, 2:55ಕ್ಕೆ. 2:20ಕ್ಕೆ ಅದು ಅಲ್ಲಿರಲಿಲ್ಲ ಎಂದ ಕಾನ್‌ಸ್ಟೆಬಲ್ ಆಲ್‌ಫ್ರೆಡ್ ಲಾಂಗ್. ಅದರ ಮೇಲ್ಗಡೆ ಗೋಡೆಯಲ್ಲಿ ಸೀಮೆಸುಣ್ಣದ ಬರಹವಿತ್ತು. ಬೆಳಗಾಗುತ್ತಲೇ ಯಹೂದಿಗಳ ಮೇಲೆ ಗಲಭೆ ಏಳಬಹುದೆಂದು ಕಮಿಷನರ್ ಚಾರ್ಲ್ಸ್ ವಾರನ್ ಅದನ್ನು ಅಳಿಸಿಹಾಕಿಸಿದರು, ಫೋಟೊ ತೆಗೆಯುವ ಮೊದಲೇ. ಉಳಿದದ್ದು ನೋಡಿದವರ ಟಿಪ್ಪಣಿ. ಲಾಂಗ್ ಬರೆದುಕೊಂಡದ್ದರಲ್ಲಿ ‘ನಾಟ್’ ಎಂಬ ಪದ ವಾಕ್ಯದ ಒಂದು ಕಡೆ, ಡಿಟೆಕ್ಟಿವ್ ಹಾಲ್ಸ್ ಬರೆದುಕೊಂಡದ್ದರಲ್ಲಿ ಇನ್ನೊಂದು ಕಡೆ. ಯಹೂದಿಗಳು ಎಂಬ ಪದದ ಕಾಗುಣಿತದಲ್ಲೂ ಒಮ್ಮತವಿಲ್ಲ. ಇಷ್ಟು ಅಲ್ಲಾಡುವ ಪಾಠವನ್ನು ಇಟ್ಟುಕೊಂಡು ಗುಪ್ತ ಸಂಘಗಳ ಸಂಕೇತ ಓದುವವರಿದ್ದಾರೆ. ನಾವು ಎರಡೂ ಪಾಠಗಳನ್ನು ಪಕ್ಕಪಕ್ಕ ಕೊಟ್ಟು ಅಲ್ಲಿಗೆ ನಿಲ್ಲಿಸಿದೆವು.

ಪತ್ರಗಳ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ‘ಜ್ಯಾಕ್ ದ ರಿಪ್ಪರ್’ ಎಂಬ ಹೆಸರು ಬಂದದ್ದೇ ಸೆಪ್ಟೆಂಬರ್ 25ರ ತಾರೀಖಿನ ‘ಡಿಯರ್ ಬಾಸ್’ ಪತ್ರದಿಂದ. ಅದು ಹೋದದ್ದು ಪೊಲೀಸರಿಗಲ್ಲ, ಸೆಂಟ್ರಲ್ ನ್ಯೂಸ್ ಎಂಬ ಸುದ್ದಿಸಂಸ್ಥೆಗೆ. ಯಾವುದೋ ಪತ್ರಕರ್ತನ ಕೈಚಳಕ ಇದು ಎಂದು ಹಿರಿಯ ಪೊಲೀಸ್ ಅಧಿಕಾರಿಗಳೇ ಆಮೇಲೆ ಬರೆದಿದ್ದಾರೆ. ಪೊಲೀಸರು ಅಕ್ಟೋಬರ್ 3ರಂದು ಅದರ ಪಡಿಯಚ್ಚನ್ನು ಭಿತ್ತಿಪತ್ರವಾಗಿ ಅಂಟಿಸಿದ ಮೇಲೆ ಅದೇ ಶೈಲಿಯ ಪತ್ರಗಳು ನೂರಾರು ಬಂದವು. ಹಾಗಾಗಿ ಯಾವ ಪತ್ರವನ್ನಾದರೂ ತೂಗುವ ಮುಂಚೆ ಅದು ಅಕ್ಟೋಬರ್ 3ಕ್ಕೆ ಮೊದಲಿನದೋ ಆಮೇಲಿನದೋ ನೋಡಬೇಕು. ಸ್ಥಳೀಯ ಕಾವಲು ಸಮಿತಿಯ ಅಧ್ಯಕ್ಷ ಜಾರ್ಜ್ ಲಸ್ಕ್‌ಗೆ ಅರ್ಧ ಮೂತ್ರಪಿಂಡದ ಜೊತೆ ಬಂದ ‘ಫ್ರಮ್ ಹೆಲ್’ ಪತ್ರದಲ್ಲಿ ಆ ಹೆಸರೇ ಇಲ್ಲ. ಅದರ ಮೂಲ ಕಳೆದುಹೋಗಿದೆ, ಉಳಿದದ್ದು ಫೋಟೊ. ಮೂತ್ರಪಿಂಡ ನೋಡಿದ ವೈದ್ಯ ಓಪನ್‌ಶಾ ಅದು 45ರ ಆಸುಪಾಸಿನ, ಕುಡಿತದ ಹೆಂಗಸಿನದು ಎಂದರೆಂದು ಪತ್ರಿಕೆಗಳಲ್ಲಿ ಬಂತು. ನಾನು ಹಾಗೆ ಹೇಳಿಲ್ಲ ಎಂದು ಅವರೇ ನಿರಾಕರಿಸಿದರು. ಮೊದಲ ಸುದ್ದಿ ಇಂದಿಗೂ ಓಡಾಡುತ್ತಿದೆ, ನಿರಾಕರಣೆ ಅಷ್ಟು ಓಡಾಡಲಿಲ್ಲ. ಪ್ರತಿ ಪತ್ರಿಕಾ ತುಣುಕಿನ ಮುಂದಿನ ಎರಡು ದಿನದ ಸಂಚಿಕೆಗಳನ್ನೂ ತಿರುವಿಹಾಕಿದ್ದು ಇದಕ್ಕೇ.

ಇಷ್ಟಾದ ಮೇಲೆ ಶಂಕಿತರ ಕಟ್ಟು ಬಿಚ್ಚಿದೆವು. ಮ್ಯಾಕ್‌ನಾಟನ್ ಟಿಪ್ಪಣಿಯ ಮೂರು ಹೆಸರುಗಳನ್ನು ಹೊರಗಿನ ದಾಖಲೆಗಳ ಜೊತೆ ಹೊಂದಿಸಿ ನೋಡಿದರೆ ಅದು ಎಂಥ ದಾಖಲೆ ಎಂದು ತಿಳಿಯುತ್ತದೆ. ಡ್ರೂಯಿಟ್‌ನನ್ನು ಅವರು 41ರ ಸುಮಾರಿನ ವೈದ್ಯ ಎಂದರು. ಅವನು 31ರ ವಕೀಲ, ಶಾಲೆಯೊಂದರಲ್ಲಿ ಮೇಷ್ಟ್ರು. ಕೊಸ್ಮಿನ್ಸ್ಕಿ 1889ರ ಮಾರ್ಚ್ ಹೊತ್ತಿಗೆ ಹುಚ್ಚಾಸ್ಪತ್ರೆಗೆ ಸೇರಿದ ಎಂದರು. ದಾಖಲೆಯಲ್ಲಿ ಸಿಗುವ ಆ್ಯರನ್ ಕೊಸ್ಮಿನ್ಸ್ಕಿ ಕೋಲ್ನಿ ಹ್ಯಾಚ್‌ಗೆ ಸೇರಿದ್ದು 1891ರ ಫೆಬ್ರುವರಿಯಲ್ಲಿ. ಮೂರನೆಯವನಾದ ಆಸ್ಟ್ರಾಗ್ ಕೊಲೆಗಳ ಕಾಲಕ್ಕೆ ಫ್ರಾನ್ಸಿನ ಸೆರೆಯಲ್ಲಿದ್ದ. ಸ್ವಾನ್ಸನ್ ತಮ್ಮ ಬಳಿಯ ಪುಸ್ತಕವೊಂದರ ಅಂಚಿನಲ್ಲಿ ಕೊಸ್ಮಿನ್ಸ್ಕಿ ಬೇಗನೆ ಸತ್ತ ಎಂದು ಬರೆದಿದ್ದಾರೆ. ಆ್ಯರನ್ ಬದುಕಿದ್ದ, 1919ರವರೆಗೆ. ತನಿಖೆ ನಡೆಸಿದ್ದ ಇನ್‌ಸ್ಪೆಕ್ಟರ್ ಅಬರ್‌ಲೈನ್ 1903ರಲ್ಲಿ ಬೇರೆಯೇ ಹೆಸರು ಹೇಳಿದರು, ಜಾರ್ಜ್ ಚಾಪ್‌ಮನ್ ಎಂದು ಕರೆಸಿಕೊಂಡ ವಿಷ ಹಾಕುವವನದು. ಒಂದೇ ಇಲಾಖೆಯವರು ಮೂರು ದಿಕ್ಕಿಗೆ ನೋಡುತ್ತಿದ್ದಾರೆ ಎಂದರೆ ಅವರ ಕೈಯಲ್ಲಿ ಗಟ್ಟಿ ಪುರಾವೆ ಇರಲಿಲ್ಲ ಎಂದೇ ಓದಿಕೊಳ್ಳಬೇಕು.

2019ರಲ್ಲಿ ವಿಧಿವಿಜ್ಞಾನ ಪತ್ರಿಕೆಯೊಂದರಲ್ಲಿ ಬಂದ, ಕೊಸ್ಮಿನ್ಸ್ಕಿಯತ್ತ ಬೊಟ್ಟು ಮಾಡಿದ ಶಾಲಿನ ಡಿಎನ್‌ಎ ಪ್ರಬಂಧವನ್ನೂ ಇದೇ ಹಾಳೆಯಲ್ಲಿ ಇಟ್ಟು ನೋಡಿದೆವು. ಎಡ್ಡೋಸ್ ಹತ್ತಿರ ಆ ಶಾಲು ಇತ್ತು ಎನ್ನಲು ಆಧಾರ ಒಂದು ಮನೆತನದ ಬಾಯಿಮಾತು. ಪರೀಕ್ಷಿಸಿದ್ದು ಮೈಟೋಕಾಂಡ್ರಿಯದ ಡಿಎನ್‌ಎ. ಅದು ತಾಯಿಯ ಕಡೆಯಿಂದ ಇಳಿದು ಬರುವಂಥದ್ದು, ಸಾವಿರಾರು ಜನರಲ್ಲಿ ಒಂದೇ ಇರಬಹುದು. ಅದರಿಂದ ಯಾರನ್ನಾದರೂ ಪಟ್ಟಿಯಿಂದ ಹೊರಗಿಡಬಹುದು, ಒಬ್ಬನನ್ನೇ ಹಿಡಿದು ತೋರಿಸಲಾಗದು. ಅದಕ್ಕಿಂತ ಸರಳ ಉತ್ತರ ವಿಚಾರಣೆಯ ಕಾಗದದಲ್ಲೇ ಇದೆ. ಶವಾಗಾರದಲ್ಲಿ ಎಡ್ಡೋಸ್‌ಳ ಮೈಮೇಲಿನ, ಜೇಬಿನ ಪ್ರತಿ ವಸ್ತುವನ್ನೂ ಬರೆದಿಟ್ಟಿದ್ದಾರೆ: ಕಪ್ಪು ಹುಲ್ಲಿನ ಬಾನೆಟ್, ಕಪ್ಪು ಜಾಕೆಟ್, ಹೂವಿನ ಚಿಂಟ್ಜ್ ಸ್ಕರ್ಟ್, ಕುತ್ತಿಗೆಗೆ ಸುತ್ತಿದ ಕೆಂಪು ರೇಷ್ಮೆಯ ತುಂಡು. ಹನ್ನೆರಡು ಬಿಳಿ ಚಿಂದಿ, ಆರು ತುಂಡು ಸೋಪು, ಒಂದು ಬಾಚಣಿಗೆ, ಬಿಳಿ ಹಿಡಿಯ ಚಾಕು, ಲೋಹದ ಚಮಚ. ಒಂದು ತಗಡಿನ ಡಬ್ಬಿಯಲ್ಲಿ ಚಹಾ ಪುಡಿ, ಇನ್ನೊಂದರಲ್ಲಿ ಸಕ್ಕರೆ. ಎರಡು ಮಣ್ಣಿನ ಚುಟ್ಟಾ ಕೊಳವೆ. ಕೆಂಪು ಫ್ಲ್ಯಾನೆಲ್ ಬಟ್ಟೆಯಲ್ಲಿ ಸುತ್ತಿದ ಸೂಜಿ, ಗುಂಡುಸೂಜಿ. ಶಾಲು ಇಲ್ಲ.

ಆ ಪಟ್ಟಿಯನ್ನು ನಾವು ಪೂರ್ತಿ ಅಚ್ಚಿಗೆ ಕೊಟ್ಟೆವು. ಮನೆಯಿಲ್ಲದ ಹೆಂಗಸು ತನ್ನ ಸಂಸಾರವನ್ನೆಲ್ಲ ಮೈಮೇಲೆ ಹೊತ್ತು ನಡೆಯುತ್ತಿದ್ದಳು ಎಂಬುದು ಅಲ್ಲಿ ಕಾಣುತ್ತದೆ. ಗಾಯಗಳ ವಿವರಣೆಯಲ್ಲಿ ಅದು ಕಾಣುವುದಿಲ್ಲ. ಗಾಯಗಳ ವಿಷಯದಲ್ಲಿ ನಮ್ಮ ಅಳತೆಗೋಲು ಒಂದೇ: ಸಮಯಕ್ಕೋ ವಿಧಾನಕ್ಕೋ ಸಂಬಂಧಿಸಿದ ಪ್ರಶ್ನೆಗೆ ಬೇಕಾದಷ್ಟು ಬರೆಯುವುದು, ಮಿಕ್ಕದ್ದು ಬಿಡುವುದು. ಶವದ ಫೋಟೊಗಳು ಬೇಕಾಗಲಿಲ್ಲ. ‘ವೇಶ್ಯೆ’ ಎಂಬ ಪದವನ್ನು ಐವರಿಗೂ ಒಟ್ಟಿಗೆ ಅಂಟಿಸಲಿಲ್ಲ. ಯಾರ ಬಗ್ಗೆ ಯಾರು ಯಾವಾಗ ಹಾಗೆ ಹೇಳಿದರು ಎಂಬುದು ದಾಖಲೆಯಲ್ಲಿ ಇದ್ದಷ್ಟನ್ನೇ ಹೇಳಿದೆವು. ನಿಕೋಲ್ಸ್ 43ರ ಹೆಂಗಸು, ಐದು ಮಕ್ಕಳ ತಾಯಿ. ಕೊನೆಯ ರಾತ್ರಿ ಹಾಸಿಗೆಗೆ ನಾಲ್ಕು ಪೆನ್ಸ್ ಇಲ್ಲದೆ ಹೊರಬಿದ್ದವಳು. 2:30ರ ಚರ್ಚಿನ ಗಂಟೆ ಬಾರಿಸುವಾಗ ಎಮಿಲಿ ಹಾಲೆಂಡ್ ಅವಳ ಜೊತೆ ಮಾತಾಡಿದ್ದಳು. ನಮ್ಮ ಕೋಷ್ಟಕದಲ್ಲಿ ಅತ್ಯಂತ ಗಟ್ಟಿಯಾದ ಸಮಯಗಳಲ್ಲಿ ಅದೂ ಒಂದು.

ಕೊನೆಗೆ ಉಳಿದದ್ದು ಕೆಲ್ಲಿಯ ಹಾಳೆ. ನವೆಂಬರ್ 9, ಮಿಲ್ಲರ್ಸ್ ಕೋರ್ಟ್ 13. ಬಾಕಿ 29 ಶಿಲ್ಲಿಂಗ್ ಬಾಡಿಗೆ ಕೇಳಲು ಹೋದ ಥಾಮಸ್ ಬೋಯರ್ ಬೆಳಿಗ್ಗೆ 10:45ಕ್ಕೆ ಕಿಟಕಿಯಿಂದ ನೋಡಿದ. ಬೇಟೆನಾಯಿಗಳು ಬರುತ್ತವೆಂದು ಕಾದು ಮಧ್ಯಾಹ್ನ 1:30ಕ್ಕೆ ಬಾಗಿಲು ಒಡೆದರು. ಬಾಂಡ್ ಸಾವಿನ ಹೊತ್ತನ್ನು ರಾತ್ರಿ 1 ಅಥವಾ 2 ಗಂಟೆ ಎಂದರು. ಇಬ್ಬರು ಹೆಂಗಸರು 4ರ ಸುಮಾರಿಗೆ ‘ಕೊಲೆ’ ಎಂಬ ಕೂಗು ಕೇಳಿದರು. ಕ್ಯಾರೊಲೈನ್ ಮ್ಯಾಕ್ಸ್‌ವೆಲ್ ಬೆಳಿಗ್ಗೆ 8 ಗಂಟೆ ದಾಟಿದ ಮೇಲೆ ಕೆಲ್ಲಿಯ ಜೊತೆ ಮಾತಾಡಿದೆ ಎಂದು ಪ್ರಮಾಣ ಮಾಡಿ ಹೇಳಿದಳು. ನಿಮ್ಮ ಮಾತು ಉಳಿದವರದಕ್ಕಿಂತ ಬೇರೆಯಿದೆ, ಎಚ್ಚರ ಎಂದು ಕೊರೋನರ್ ಮುನ್ನೆಚ್ಚರಿಕೆ ಕೊಟ್ಟರೂ ಬದಲಿಸಲಿಲ್ಲ. ಬ್ಯಾಕ್ಸ್‌ಟರ್ ಇನ್ನಿತರ ವಿಚಾರಣೆಗಳನ್ನು ವಾರಗಟ್ಟಲೆ ನಡೆಸಿದ್ದರು. ಇಲ್ಲಿ ಕೊರೋನರ್ ಆಗಿದ್ದ ರೊಡೆರಿಕ್ ಮ್ಯಾಕ್‌ಡೊನಾಲ್ಡ್ ನವೆಂಬರ್ 12ರಂದು ಒಂದೇ ದಿನದಲ್ಲಿ ಮುಗಿಸಿದರು. ಅದೇ ಸಂಜೆ 6 ಗಂಟೆಗೆ ಜಾರ್ಜ್ ಹಚಿನ್‌ಸನ್ ಕಮರ್ಶಿಯಲ್ ಸ್ಟ್ರೀಟ್ ಠಾಣೆಗೆ ಬಂದು, ನಡುರಾತ್ರಿ 2ಕ್ಕೆ ಕೆಲ್ಲಿಯ ಜೊತೆ ಕಂಡ ಮನುಷ್ಯನ ಟೈ ಪಿನ್ನಿನ ಕುದುರೆಲಾಳದ ಆಕಾರದವರೆಗೂ ವರ್ಣಿಸಿದ. ಅಬರ್‌ಲೈನ್ ನಂಬಿದರು. ಆದರೆ ವಿಚಾರಣೆ ಮುಗಿದಿತ್ತು. ಪ್ರಮಾಣದ ಮೇಲೆ ಅವನನ್ನು ಯಾರೂ ಪ್ರಶ್ನಿಸಲಿಲ್ಲ, ಇಷ್ಟು ಕತ್ತಲಲ್ಲಿ ಅಷ್ಟು ಹೇಗೆ ಕಂಡಿತು ಎಂದು ಕೇಳಲಿಲ್ಲ. ಮ್ಯಾಕ್ಸ್‌ವೆಲ್‌ಳ ಸಾಲು ಮತ್ತು ಹಚಿನ್‌ಸನ್‌ನ ಸಾಲು, ಎರಡನ್ನೂ ಪೆನ್ಸಿಲ್‌ನಲ್ಲೇ ಬಿಟ್ಟು ಹಾಳೆಯನ್ನು ಅಚ್ಚಿಗೆ ಕಳಿಸಿದೆವು.